ಐವತ್ತರಾಚೆ

"ನಲವತ್ತರೊಳಗೆ ತಪ್ಪಿದ್ದೇ ಇಲ್ಲ, ಅದು ಸರಿ,"
ಡೆಲ್ಫಿನ್ ಹಾರ್ಗ್ರೋವ್ ಪೆನ್ಸಿಲಿನ ತುದಿ ಕಚ್ಚುತ್ತಾಳೆ.
"ಐವತ್ತು ಗಜದಾಚೆ ಹತ್ತೊಂಬತ್ತಕ್ಕೆ ಹನ್ನೊಂದು.
ಕೇಳುತ್ತಿರುವುದು ವರ್ಷಕ್ಕೆ ನಲವತ್ತು ಲಕ್ಷ ಡಾಲರು,
ನಾಲ್ಕು ವರ್ಷ, ಅರ್ಧ ಮುಂಗಡ.
ಕಾಸಿಗೆ ತಕ್ಕ ಕಜ್ಜಾಯವೇ ಹೇಳು.
ಚೆಂಡು ಹಿಡಿಯುವವನು ನೀನು."

ಹೌದು, ಹಿಡಿಯುವವನು ನಾನು.
ಆರು ವರ್ಷದಿಂದ ಲೆಸ್ಟರ್ ವೊಯ್ನಾರನ ಬಲಗಾಲಿಗೆ ಎದುರಾಗಿ
ಮೊಣಕಾಲೂರಿ,
ಹಾರಿ ಬಂದದ್ದನ್ನು ಹುಲ್ಲಿಗೆ ಮುಟ್ಟಿಸಿ
ಒಂದೇ ಬೆರಳಲ್ಲಿ ನೆಟ್ಟಗೆ ನಿಲ್ಲಿಸಿ
ದಾರದ ಹೊಲಿಗೆ ಕಂಬಗಳ ಕಡೆ ನೋಡುವಂತೆ ಹೊರಳಿಸಿ...
ಒಂದೂಕಾಲು ಸೆಕೆಂಡು. ಅಷ್ಟೇ ನನ್ನ ಉದ್ಯೋಗ.
ಟಿವಿಯಲ್ಲಿ ಕೆಲವೊಮ್ಮೆ ನನ್ನ ಬೆನ್ನು ಕಾಣುತ್ತದೆ.
ಅಷ್ಟಕ್ಕೇ ಅಮ್ಮ ಫೋನು ಮಾಡುತ್ತಾಳೆ.

ಕಿಟಕಿಯಾಚೆ ಈರೀ ಸರೋವರ, ಹೆಪ್ಪುಗಟ್ಟಲೋ ಬೇಡವೋ ಎಂದು
ಇನ್ನೂ ತೀರ್ಮಾನಿಸಿಲ್ಲ.
ಪರದೆಯ ಮೇಲೆ ಎಂಟು ಕೆಂಪು ಚುಕ್ಕೆ.
ಅವಳು ಅಳೆದು ಸುರಿದು ಇಟ್ಟಿದ್ದಾಳೆ: ದೂರ, ಕೋನ, ಉಷ್ಣಾಂಶ,
ಆಟ ಮುಗಿಯಲು ಉಳಿದಿದ್ದ ಕ್ಷಣ.

ಮೂರು ಚುಕ್ಕೆ ಗಾಳಿಯವು, ಎನ್ನುತ್ತೇನೆ.
ಡಿಸೆಂಬರಿನಲ್ಲಿ ಇಲ್ಲಿ ಎಡಗಂಬದ ತುದಿಯ ಪಟ್ಟಿ ಊರ ಕಡೆ ಹಾರಿದರೆ
ಬಲಗಂಬದ್ದು ನೀರಿನ ಕಡೆ.
ಚೆಂಡು ಚೆನ್ನಾಗಿಯೇ ಹೊರಟು, ನಡುದಾರಿಯಲ್ಲಿ
ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾದವರಂತೆ
ಹೊರಳಿಬಿಡುತ್ತದೆ.
ಒಂದು, ಎದುರಾಳಿಯ ಕಿರುಬೆರಳಿನದು.
ಒಂದು ಅರವತ್ತೊಂದು ಗಜದ್ದು; ಮುಟ್ಟುವುದಿಲ್ಲವೆಂದು
ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು,
ಕೋಚ್ ಮಾತ್ರ ಹೋಗು ಎಂದ.
ಎರಡು ಅವನವೇ. ಮುಚ್ಚಿದ ಛಾವಣಿ, ಒಣ ಹುಲ್ಲು,
ನೆಪಕ್ಕೆ ಒಂದು ನೊಣವೂ ಇರಲಿಲ್ಲ.
ಹೆಲ್ಮೆಟ್ ತೆಗೆದು "ನಂದು" ಎಂದ, ನೀರು ಕುಡಿದ.

"ಏಳಾಯಿತು," ಎನ್ನುತ್ತಾಳೆ ಡೆಲ್ಫಿನ್.

ಅಕ್ಟೋಬರಿನದು, ಐವತ್ತೆರಡು ಗಜ.
ಸಣ್ಣ ಮಳೆ. ಬೆರಳಿಗೆ ಬೆರಳಿನ ಗುರುತು ಸಿಗದಷ್ಟು ಚಳಿ.
ಹೊಲಿಗೆ ಅವನ ಕಡೆಗೇ ಉಳಿಯಿತು.
ಓಡಿ ಬರುವವನಿಗೆ ಜಗತ್ತಿನಲ್ಲಿ ಕಾಣುವುದು ಅದೊಂದೇ,
ಆ ಬಿಳಿ ದಾರದ ಹಲ್ಲುಗಳು. ಅವನು ನೋಡಿದ. ಒದ್ದ.
ಎಡಗಂಬದಿಂದ ಒಂದು ಗೇಣು ಆಚೆ.
ಪತ್ರಕರ್ತರಿಗೆ ಹೇಳಿದ: "ನಾನೇ ಎಳೆದುಬಿಟ್ಟೆ."
ಆ ವಾರ ಅವನ ಅಮ್ಮನ ಬೌಲಿಂಗ್ ಅಂಗಡಿಯ ಬೋರ್ಡಿಗೆ
ಯಾರೋ ಮೊಟ್ಟೆ ಹೊಡೆದರು.
ನನ್ನೊಂದಿಗೆ ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.
ನನ್ನ ಕರಾರೂ ಮಾರ್ಚಿಗೆ ಮುಗಿಯುತ್ತದೆ.

"ಹನ್ನೆರಡು ಅಂತ ಬರೆದುಕೋ," ಎನ್ನುತ್ತೇನೆ. "ಒಂದು ನನ್ನದು."
ಡೆಲ್ಫಿನ್ ಪೆನ್ಸಿಲು ಇಳಿಸುತ್ತಾಳೆ.
ಕೆಟ್ಟವಳಲ್ಲ ಅವಳು. ಹಾಳೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ
ಜಾಗ ಹುಡುಕುತ್ತಾಳೆ.
"ಹಿಡಿಯುವವನಿಗೆ ಕಾಲಂ ಇಲ್ಲ," ಎನ್ನುತ್ತಾಳೆ,
ಸ್ವಲ್ಪ ಹೊತ್ತಿನ ಮೇಲೆ, "ಆದರೂ ಕೇಳಿಸಿಕೊಂಡೆ."

ಕೆಳಗೆ ಮೈದಾನದಲ್ಲಿ ಅವನೊಬ್ಬನೇ.
ನನ್ನ ಬದಲಿಗೆ ಮೂರು ಕಾಲಿನ ಒಂದು ತಂತಿ, ನಲವತ್ತು ಡಾಲರಿನದು,
ಚೆಂಡನ್ನು ಹಿಡಿದು ನಿಂತಿದೆ.
ಅದಕ್ಕೆ ಚಳಿಯಾಗುವುದಿಲ್ಲ, ಅಮ್ಮ ಇಲ್ಲ.
ಹದಿನೆಂಟೂವರೆ ಅಡಿಯ ಆ ಬಾಗಿಲಿಗೆ ಒಂದಾದ ಮೇಲೊಂದು
ಹೊಡೆಯುತ್ತಿದ್ದಾನೆ; ಹಿಂದೆ ಖಾಲಿ ಕುರ್ಚಿಗಳ ಮೇಲೆ
ಧಡ್, ಧಡ್.

ನನ್ನನ್ನು ಕಂಡು ತಂತಿಯನ್ನು ಪಾದದಿಂದ ಬದಿಗೆ ತಳ್ಳಿದ.
ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ಬಿಟ್ಟ, ಅದು ಬಿದ್ದಲ್ಲಿ ನೋಡಿದ.
ನಾನು ಮೊಣಕಾಲೂರಿದೆ. ಐವತ್ತೆರಡು.
ಎಂದಿನಂತೆ ಮೂರು ಹೆಜ್ಜೆ ಹಿಂದೆ, ಎರಡು ಪಕ್ಕಕ್ಕೆ,
ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ,
ಮೆಲ್ಲಗೆ ಹೇಳಿದ:
"ಹೊಲಿಗೆ ಆಚೆ."